ಹದಿನೈದು ಪಿನ್ನಿನ ಕೋಲು

ದೊಡ್ಡಪ್ಪನ ಜಾಯ್‌ಸ್ಟಿಕ್ಕಿನ ತಂತಿಯ ತುದಿಯಲ್ಲಿರುವುದು ಹದಿನೈದು ಪಿನ್ನುಗಳ ಪ್ಲಗ್ಗು. ಇವತ್ತಿನ ಯಾವ ಲ್ಯಾಪ್‌ಟಾಪಿನಲ್ಲೂ ಅದನ್ನು ಚುಚ್ಚಲು ಜಾಗವಿಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯ ಜೊತೆ ತಂದ ಈ ಗೇಮ್ ಪೋರ್ಟ್, ಮುಂದೆ ಸೌಂಡ್ ಕಾರ್ಡುಗಳ ಬೆನ್ನಿಗೆ ಅಂಟಿಕೊಂಡು ಇಪ್ಪತ್ತು ವರ್ಷ ಬದುಕಿತು. ಯುಎಸ್‌ಬಿ ಬಂದಮೇಲೆ ಸೊರಗಿತು. ವಿಂಡೋಸ್ ವಿಸ್ಟಾದ ಹೊತ್ತಿಗೆ ಮೈಕ್ರೋಸಾಫ್ಟ್ ಕೂಡ ಅದರ ಕೈಬಿಟ್ಟಿತು.

ಹೊಸದು ಕೊಂಡರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ದೊಡ್ಡಪ್ಪನ ಮಗ ವಿದೇಶದಿಂದ ಹೊಸದನ್ನೇ ಕಳಿಸಿದ್ದ. ನುಣ್ಣಗಿದೆ, ಹಗುರವಾಗಿದೆ. ತೊಂದರೆಯೇ ಅದು. ಎರಡು ವರ್ಷದಿಂದ ದೊಡ್ಡಪ್ಪನ ಬಲಗೈ ನಡುಗುತ್ತದೆ. ಹಗುರ ಸ್ಪ್ರಿಂಗಿನ ಕೋಲು ಆ ನಡುಕವನ್ನೆಲ್ಲ ವಿಮಾನಕ್ಕೆ ದಾಟಿಸಿ ರೆಕ್ಕೆಗಳನ್ನು ಕುಣಿಸುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಮಗನಿಗೆಂದು ಕೊಂಡು, ಮಗನಿಗಿಂತ ಹೆಚ್ಚು ತಾವೇ ಆಡಿದ ಹಳೆಯ ಕೋಲಿನ ಸ್ಪ್ರಿಂಗ್ ಬಿಗಿ, ಬುಡ ಭಾರ. ಕೈಗೆ ಅದು ಎದುರು ಕೊಡುತ್ತದೆ. ಹಾಗಾಗಿ ಇದು ಹಳೆಯ ವಸ್ತುವಿನ ವ್ಯಾಮೋಹವಲ್ಲ. ನನಗೆ ಆ ವ್ಯಾಮೋಹ ಅಷ್ಟಾಗಿ ಇಲ್ಲ. ಹಸ್ತಪ್ರತಿಗಳ ಮೇಲೆ ಪಿಎಚ್‌ಡಿ ಮಾಡುತ್ತ ದಿನವಿಡೀ ಹಳೆಯ ಧೂಳು ಕುಡಿಯುವವಳಿಗೆ ಅದು ಬೇಗ ಇಳಿಯುತ್ತದೆ.

ಬಿಚ್ಚಿ ನೋಡಿದರೆ ಒಳಗೆ ಹೆಚ್ಚೇನಿಲ್ಲ. 100 ಕಿಲೋ ಓಮ್‌ನ ಎರಡು ಪೊಟೆನ್ಶಿಯೋಮೀಟರು, ಹಳೇ ರೇಡಿಯೋದ ವಾಲ್ಯೂಮ್ ತಿರುಪಿನಂಥವು: ಒಂದು ಎಡಬಲಕ್ಕೆ, ಇನ್ನೊಂದು ಹಿಂದುಮುಂದಕ್ಕೆ. ಈ ಕೋಲು ಕಂಪ್ಯೂಟರಿಗೆ ಅಂಕಿಗಳನ್ನು ಕಳಿಸುತ್ತಲೇ ಇರಲಿಲ್ಲ ಅನ್ನುವುದು ನನಗೆ ಮೊದಲ ಬೆರಗು. ಪೊಟೆನ್ಶಿಯೋಮೀಟರಿನ ಮೂಲಕ ಆ ಕಡೆ ಒಂದು ಕೆಪಾಸಿಟರ್ ತುಂಬುತ್ತಿತ್ತು. ಅದು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಕಂಪ್ಯೂಟರ್ ಬೇರೆ ಕೆಲಸ ಬಿಟ್ಟು ಎಣಿಸುತ್ತಿತ್ತು. ಬೇಗ ತುಂಬಿದರೆ ಕೋಲು ಒಂದು ಕಡೆ, ನಿಧಾನವಾದರೆ ಇನ್ನೊಂದು ಕಡೆ. ಯಂತ್ರ ಬದಲಾದರೆ ಎಣಿಕೆಯೂ ಬದಲು. ಆಗಿನ ಆಟಗಳು ಶುರುವಿಗೆ ಮುಂಚೆ ಕೋಲನ್ನು ನಾಲ್ಕು ಮೂಲೆಗೂ ಆಡಿಸಿ ತೋರಿಸಲು ಕೇಳುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಯುಎಸ್‌ಬಿ ಹಾಗಲ್ಲ. ಬಂದವರು ತಾವು ಯಾರು, ಎಷ್ಟು ಗುಂಡಿಗಳಿವೆ ಎಂದು ತಾವೇ ಹೇಳಿಕೊಳ್ಳಬೇಕು. ಅದಕ್ಕೆಂದೇ ಸಿದ್ಧ ಅಡಾಪ್ಟರುಗಳು ಸಿಗುತ್ತವೆ, ಸಾದಾ ಕೋಲುಗಳಿಗೆ ಸಾಕು. (ಮೈಕ್ರೋಸಾಫ್ಟಿನ ಸೈಡ್‌ವಿಂಡರ್‌ನಂಥ ಡಿಜಿಟಲ್ ಕೋಲಿದ್ದರೆ ಕೊಳ್ಳುವ ಮುಂಚೆ ವಿಚಾರಿಸಿ; ಅವು ಅದೇ ಪ್ಲಗ್ಗಿನಲ್ಲಿ ಬೇರೆ ಭಾಷೆ ಆಡುತ್ತಿದ್ದವು.) ನಾನು ಎಸ್.ಪಿ. ರೋಡಿನಿಂದ ಆರ್ಡುಯಿನೊ ಲಿಯೊನಾರ್ಡೊ ಬೋರ್ಡೊಂದನ್ನು ತಂದೆ. ಅದು ಯುಎಸ್‌ಬಿಯಲ್ಲಿ ತನ್ನನ್ನು ಜಾಯ್‌ಸ್ಟಿಕ್ ಎಂದೇ ಪರಿಚಯಿಸಿಕೊಳ್ಳಬಲ್ಲದು. ಪೊಟೆನ್ಶಿಯೋಮೀಟರಿಗೆ ಮೂರು ಕಾಲು. ಗೇಮ್ ಪೋರ್ಟಿಗೆ ಎರಡೇ ಸಾಕಾಗಿದ್ದರಿಂದ ಮೂರನೆಯದು ಇಷ್ಟು ವರ್ಷ ಖಾಲಿಯಿತ್ತು. ಅದಕ್ಕೊಂದು ತಂತಿ ಬೆಸೆದು ಗ್ರೌಂಡಿಗೆ ಕೊಟ್ಟರೆ, ನಡುವಿನ ಕಾಲಿನಲ್ಲಿ ಕೋಲಿನ ಜೊತೆ ಸಮವಾಗಿ ಏರಿಳಿಯುವ ವೋಲ್ಟೇಜ್ ಸಿಗುತ್ತದೆ. ಬೋರ್ಡು ಅದನ್ನು 0ಯಿಂದ 1023ರೊಳಗಿನ ಅಂಕಿಯಾಗಿಸುತ್ತದೆ. ಬೆಸೆದದ್ದು ನಾನು, ಪಕ್ಕದಲ್ಲಿ ಟಾರ್ಚು ಹಿಡಿದು ಬೈಯುತ್ತಿದ್ದದ್ದು ದೊಡ್ಡಪ್ಪ. ಎಚ್‌ಎಎಲ್‌ನಲ್ಲಿ ಕಿರಣ್ ತರಬೇತಿ ವಿಮಾನಗಳ ಜೋಡಣೆಯಲ್ಲಿ ಫಿಟ್ಟರ್ ಆಗಿದ್ದವರ ಎದುರು ಬೆಸುಗೆ ಹಾಕುವುದು ಸುಲಭವಲ್ಲ.

ಅಂಕಿಗಳು ಪರದೆಯ ಮೇಲೆ ಬಂದವು, ಆದರೆ ನಿಲ್ಲಲಿಲ್ಲ. ಕೋಲು ನಡುವಿನಲ್ಲಿದ್ದಾಗ 490, 515, 528, ಹೀಗೆ ಜಿಗಿಯುತ್ತಿದ್ದವು. ಇಂಗಾಲದ ಪಟ್ಟಿ ಸವೆದಾಗ ಹೀಗಾಗುತ್ತದೆ. ಕೋಲು ಬಹುಪಾಲು ಹೊತ್ತು ನಡುವಿನಲ್ಲೇ ಇರುವುದರಿಂದ ಸವೆತವೂ ಅಲ್ಲೇ ಜಾಸ್ತಿ. ಓಲೆಗರಿಯಲ್ಲಿ ಒಂದು ಅಕ್ಷರ ಕೆಟ್ಟಿದ್ದರೆ ಲಿಪಿಕಾರ ತಪ್ಪಿದನೋ ಹುಳು ತಿಂದಿತೋ ಎಂದು ಮೊದಲು ತೀರ್ಮಾನಿಸಬೇಕಾಗುತ್ತದೆ. ಇಲ್ಲೂ ಅದೇ.

ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ಆಡಿಸಿದೆ. "ಕೈ ಬಿಡಿ ದೊಡ್ಡಪ್ಪ" ಅಂದೆ. 511, 512, 511. "ಈಗ ಹಿಡ್ಕೊಳ್ಳಿ." 494, 530, 501.

"ಪಾಟು ಹೋಗಿದೆಯೇನಮ್ಮ?"

ಹೌದು ಅಂದುಬಿಡಬಹುದಿತ್ತು. ಶಿವಾಜಿನಗರದ ಗುಜರಿಯಲ್ಲಿ ಇಂಥದ್ದೇ ಇನ್ನೊಂದು ಸಿಕ್ಕೀತು, ಅದರ ಪಾಟು ಹಾಕೋಣ ಅನ್ನಬಹುದಿತ್ತು. ಅಷ್ಟರಲ್ಲಿ ಅವರೇ ಕೈ ತೆಗೆದರು, ಅಂಕಿ ನೋಡಿದರು, ಮತ್ತೆ ಇಟ್ಟರು.

"ಪಾಟಲ್ಲ. ಇದು ನಾನು."

ದೊಡ್ಡಮ್ಮ ಒಳಗಿನಿಂದ ಕಾಫಿ ತಂದಿಟ್ಟು ಪರದೆಯನ್ನೇನೂ ನೋಡದೆ ಹೋದರು.

ನಡುಕವನ್ನು ಅಳಿಸುವುದು ಕಷ್ಟವಲ್ಲ. ಒಂದೊಂದು ಅಂಕಿಯನ್ನೂ ನೇರ ಕಳಿಸದೆ ಹಿಂದಿನ ಇಪ್ಪತ್ತರ ಸರಾಸರಿ ಕಳಿಸಿದರಾಯಿತು. ಆದರೆ ಸರಾಸರಿಗೆ ಹೊತ್ತು ಬೇಕು. ಕೈ ತಿರುಗಿಸಿದ ಮೇಲೆ ವಿಮಾನ ತಡವಾಗಿ ತಿರುಗುತ್ತದೆ. ತಿರುಗಲಿಲ್ಲವೆಂದು ಕೈ ಇನ್ನಷ್ಟು ಎಳೆಯುತ್ತದೆ. ಅದು ಅತಿಯಾಗಿ ಮತ್ತೆ ಹಿಂದಕ್ಕೆ. ನಿಜವಾದ ವಿಮಾನ ಕಟ್ಟುವವರಿಗೂ ಇದು ಹಳೆಯ ತಲೆನೋವು. 2001ರ ಜನವರಿ 4ರಂದು ಎಚ್‌ಎಎಲ್ ನಿಲ್ದಾಣದಿಂದ ಮೊದಲ ಸಲ ಹಾರಿದ ತೇಜಸ್‌ನಲ್ಲೂ ಪೈಲಟ್ಟಿನ ಕೋಲಿಗೂ ರೆಕ್ಕೆಗೂ ನೇರ ಸಂಬಂಧವಿಲ್ಲ. ಕೋಲಿನ ಸಂಜ್ಞೆ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ರೆಕ್ಕೆಗೆ. ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸುವ ಅಗತ್ಯವಿರಲಿಲ್ಲ. "ಸರಾಸರಿ ಬೇಡ. ನಡುವಿನಲ್ಲಿ ಸ್ವಲ್ಪ ಜಾಗ ಸತ್ತಿರಲಿ, ಸಾಕು" ಅಂದರು. ಹಾಗೇ ಮಾಡಿದೆ. ನಡುವಿನ ಸುತ್ತ ಇಪ್ಪತ್ತು ಅಂಕಿಯವರೆಗೆ ಆಡಿದರೆ ವಿಮಾನ ಗಮನಿಸುವುದಿಲ್ಲ. ಅದಕ್ಕಿಂತ ಹೆಚ್ಚಿನದು ಅವರದೇ.

ಫ್ಲೈಟ್‌ಗೇರ್ ಪುಕ್ಕಟೆ ಸಿಗುವ ಸಿಮ್ಯುಲೇಟರು. ಅದರಲ್ಲಿ ಎಚ್‌ಎಎಲ್ ನಿಲ್ದಾಣವನ್ನು ಹುಡುಕಿ ಕೊಟ್ಟೆ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗಿನಿಂದ ಎಚ್‌ಎಎಲ್‌ನಲ್ಲಿ ನಮ್ಮಂಥವರ ವಿಮಾನ ಇಳಿಯುವುದಿಲ್ಲ. ಪಶ್ಚಿಮದಿಂದ, ದೊಮ್ಮಲೂರಿನ ಮೇಲಿನಿಂದ, 09 ರನ್‌ವೇಗೆ ಇಳಿಯುವ ದಾರಿ ಹಿಡಿದರು. ರನ್‌ವೇಗೆ ಮುಂಚೆ ಒಂದು ಹಸಿರು ತುಂಡು ಬರುತ್ತದೆ, ಗಾಲ್ಫ್ ಮೈದಾನ. ಅಲ್ಲಿಗೆ ಬರುವ ಮೊದಲೇ ದೊಡ್ಡಪ್ಪ ಎಡಗೈಯಿಂದ ಇಂಜಿನ್ ಶಕ್ತಿ ಏರಿಸಿದರು. ಎತ್ತರ ಇನ್ನೂ ಬೇಕಾದಷ್ಟಿತ್ತು.

1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ 605 ಬಿದ್ದದ್ದು ಅಲ್ಲಿ. ಹೊಚ್ಚಹೊಸ ಏರ್‌ಬಸ್ ಎ320, ಬದಿಯಲ್ಲಿ ಜಾಯ್‌ಸ್ಟಿಕ್ಕಿನಂಥದ್ದೇ ಕೋಲಿರುವ ವಿಮಾನ. ಇಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಇದ್ದು, ವೇಗ ಕಳೆಯುತ್ತ ರನ್‌ವೇ ಮುಟ್ಟದೆ ನೆಲಕ್ಕಿಳಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು. ಆ ವಿಮಾನದಲ್ಲಿ ಒಬ್ಬ ಪೈಲಟ್ ಕೋಲು ಎಳೆದರೆ ಇನ್ನೊಬ್ಬನ ಕೋಲು ಅಲ್ಲಾಡುವುದಿಲ್ಲ. ಶಕ್ತಿ ತಾನಾಗಿ ಬದಲಾದರೂ ಸನ್ನೆಗಳು ಇದ್ದಲ್ಲೇ ಇರುತ್ತವೆ. ನೋಡಿ ತಿಳಿಯಬೇಕು, ಕೈಗೆ ತಿಳಿಯುವುದಿಲ್ಲ. ಆ ಮಧ್ಯಾಹ್ನ ದೊಡ್ಡಪ್ಪ ಡ್ಯೂಟಿಯಲ್ಲಿದ್ದರು. ಮನೆಯಲ್ಲಿ ಅದರ ಮಾತು ಬಂದದ್ದನ್ನು ನಾನು ಕೇಳಿಲ್ಲ, ಅವತ್ತೂ ಬರಲಿಲ್ಲ.

ಮೂರನೆಯ ಸಲಕ್ಕೆ ಇಳಿಸಿದರು. ಎರಡು ಸಲ ಪುಟಿದು, ರನ್‌ವೇಯ ಅಂಚಿಗೆ ಸರಿದು, ನಿಂತಿತು.

"ಇದು ಬೇಸಗೆ ದಾರಿ" ಅಂದರು. "ಮಳೆಗಾಲದಲ್ಲಿ ಪಡುವಣ ಗಾಳಿ. ವೈಟ್‌ಫೀಲ್ಡ್ ಕಡೆಯಿಂದ 27ಕ್ಕೆ ಬರಬೇಕು." ಮತ್ತೆ ಏರಿಸಿ ಪೂರ್ವಕ್ಕೆ ತಿರುಗಿಸಿದರು. ಎಡಕ್ಕೆ ರೈಲು ಹಳಿ ಕಂಡಿತು. "ಕೆ.ಆರ್. ಪುರ ಅಲ್ವಾ ಅದು? ನಿನ್ನ ಪಿ.ಜಿ. ಎಲ್ಲಿ ಬರುತ್ತೆ, ತೋರ್ಸು."