ಮೂರನೆಯ ಸಾಲಿನಲ್ಲಿ ಕೂರುವವರು

ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ನಮ್ಮ ಕೊಕ್ಕನೂರಿನ ಮನೆಗಳಲ್ಲಿ ಕಾರಿನ ಮಾತು ಏಳುವುದು ಈಗ ಸಹಜವಾಗಿದೆ. ಅವಿಭಕ್ತ ಕುಟುಂಬಗಳಿಗೆ ಸಣ್ಣ ಕಾರು ಸಾಲದು. ಮೂರು ಸಾಲಿನ ದೊಡ್ಡ ವಾಹನದ ಮೇಲೆಯೇ ಎಲ್ಲರ ಕಣ್ಣು. “ಎಷ್ಟು ಜನ ಹಿಡಿಸ್ತಾರೆ?” ಎಂಬುದು ಗಂಡಸರ ಮೊದಲ ಪ್ರಶ್ನೆ. ಯಾರು ಎಲ್ಲಿ ಕೂರುವರೆಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಎಂಟು ಆಸನವೆಂದು ದಾಖಲೆಯಲ್ಲಿದ್ದರೆ ಅದರಲ್ಲಿ ಚಾಲಕನೂ ಸೇರಿರುತ್ತಾನೆಂಬುದೇ ಹಲವರಿಗೆ ಕೊನೆಗೆ ಹೊಳೆಯುವ ಸಂಗತಿ.

ಎತ್ತಿನ ಬಂಡಿಯ ಕಾಲದಲ್ಲಿ ಸಾಲುಗಳೇ ಇರಲಿಲ್ಲ. ಹುಲ್ಲು ಹಾಸಿ, ಮೇಲೊಂದು ಜಮಖಾನೆ ಹರವಿ, ಎಲ್ಲರೂ ಕಾಲು ಮಡಿಸಿ ಕುಳಿತರೆ ಜಾತ್ರೆಯವರೆಗೂ ಸಾಗುತ್ತಿತ್ತು. 1994ರಲ್ಲಿ ಟಾಟಾ ಸುಮೊ ಬಂದಾಗ ಹಿಂಭಾಗದಲ್ಲಿ ಎದುರುಬದುರಾದ ಎರಡು ಬೆಂಚುಗಳಿದ್ದವು. ಅಲ್ಲಿ ಕುಳಿತವರು ಪ್ರಯಾಣದುದ್ದಕ್ಕೂ ಪರಸ್ಪರ ಮೊಣಕಾಲುಗಳನ್ನು ತಾಕಿಸಿಕೊಂಡೇ ಇರಬೇಕಾಗಿತ್ತು. ಬ್ರೇಕು ಹಾಕಿದಾಗಲೆಲ್ಲ ದೇಹ ಪಕ್ಕಕ್ಕೆ ವಾಲುತ್ತಿತ್ತು; ಹೊಟ್ಟೆ ತೊಳಸುತ್ತಿತ್ತು. ಬೊಲೆರೊ ವಾಹನದಲ್ಲಿ ಇಂದಿಗೂ ಹಿಂದಿನ ಎರಡು ಆಸನಗಳು ಪಕ್ಕಕ್ಕೆ ಮುಖ ಮಾಡಿಯೇ ಇವೆ. ನಮ್ಮ ನಾಡಿನ ಬಿಡದಿಯಲ್ಲಿಯೇ ತಯಾರಾಗಿ 2005ರಲ್ಲಿ ಬಂದ ಇನ್ನೋವಾ, ಮೂರನೆಯ ಸಾಲನ್ನೂ ಮುಂದಕ್ಕೆ ತಿರುಗಿಸಿತು. 2012ರಲ್ಲಿ ಬಂದ ಎರ್ಟಿಗಾ ಅದನ್ನೇ ಇನ್ನಷ್ಟು ಕಡಿಮೆ ಬೆಲೆಗೆ ಕೊಟ್ಟಿತು.

ಆದರೂ ಮೂರನೆಯ ಸಾಲು ಮೂರನೆಯ ಸಾಲೇ. ಅದು ಹಿಂಗಾಲಿಗಳ ಮೇಲೆಯೇ ಇರುವುದರಿಂದ ರಸ್ತೆಯ ಪ್ರತಿಯೊಂದು ಗುಂಡಿಯೂ ಮೊದಲು ಅಲ್ಲಿನವರ ಬೆನ್ನಿಗೆ ತಿಳಿಯುತ್ತದೆ. ನೆಲ ಎತ್ತರ, ಆಸನ ತಗ್ಗು. ಮೊಣಕಾಲು ಎದೆಯ ಹತ್ತಿರಕ್ಕೆ ಬರುತ್ತದೆ. ಒಳಹೋಗಲು ನಡುವಿನ ಆಸನವನ್ನು ಮಡಚಿ, ತಲೆ ತಗ್ಗಿಸಿ, ಸೀರೆಯ ನೆರಿಗೆ ಹಿಡಿದುಕೊಂಡು ಹತ್ತಬೇಕು. ಆ ಸಾಲು ತೆರೆದಿರುವಾಗ ಸಾಮಾನಿಗೂ ಜಾಗವಿಲ್ಲ. ಎರ್ಟಿಗಾದಲ್ಲಿ ಆಗ ಉಳಿಯುವುದು 209 ಲೀಟರಿನಷ್ಟು ಮಾತ್ರ. ಬುತ್ತಿಯ ಗಂಟು ಹಿಂದೆ ಕುಳಿತವರ ತೊಡೆಗೇ ಬರುತ್ತದೆ. ಹಾಗಾದರೆ ಅಲ್ಲಿ ಕೂರುವವರು ಯಾರು? ಮಕ್ಕಳು, ಸೊಸೆಯರು, ಗಂಡನಿಲ್ಲದ ಚಿಕ್ಕಮ್ಮಂದಿರು. ಹಿರಿತನದ ಹೆಸರಿನಲ್ಲಿ ಮುಂದಿನ ಆಸನ ಗಂಡಸರದು. ಹಿರಿಯ ಹೆಂಗಸಿನ ಸರದಿ ಬಂದಾಗ ಮಾತ್ರ ಈ ಹಿರಿತನ ಏಕೋ ಮರೆತುಹೋಗುತ್ತದೆ.

ನಮ್ಮ ಅತ್ತೆಯವರು ಎರಡು ವರ್ಷದಿಂದ ಯಾವ ಮದುವೆಗೂ, ಸಿರಿಗೆರೆಗೂ ಬರಲೊಲ್ಲದಾಗಿದ್ದರು. “ನೀವು ಹೋಗ್ಬರ್ರಿ, ನಾನು ಮನೆ ಕಾಯ್ಕಂಡಿರ್ತೀನಿ” ಎನ್ನುತ್ತಿದ್ದರು. ವಯಸ್ಸಾಯಿತು, ಉತ್ಸಾಹ ಕುಂದಿತು ಎಂದು ಮನೆಯಲ್ಲಿ ಎಲ್ಲರೂ ಭಾವಿಸಿದ್ದರು. ಮೊಣಕಾಲಿನ ನೋವಿನಿಂದಾಗಿ ಬಾಡಿಗೆ ವಾಹನದ ಹಿಂದಿನ ಸಾಲಿಗೆ ಹತ್ತಲಾರದೆ, ಆ ಮಾತನ್ನು ಬಾಯಿಬಿಟ್ಟು ಹೇಳಲೂ ಆಗದೆ ಅವರು ಹಿಂದುಳಿಯುತ್ತಿದ್ದರೆಂಬುದು ನನಗೆ ತಿಳಿದಿತ್ತು.

ಆದಕಾರಣ ನಮ್ಮ ಮನೆಗೆ ವಾಹನ ಕೊಳ್ಳುವಾಗ ಅತ್ತೆಯವರನ್ನೇ ದಾವಣಗೆರೆಗೆ ಕರೆದೊಯ್ದೆ. ಇನ್ನೋವಾದಲ್ಲಿ ಎರಡು ಬಗೆ. ಎಂಟು ಆಸನದ್ದಕ್ಕೆ ನಡುವೆ ಮೂವರು ಕೂರುವ ಉದ್ದ ಸೀಟು. ಹಿಂದಿನವರು ಇಳಿಯಬೇಕಾದರೆ ಬಾಗಿಲ ಬಳಿ ಕುಳಿತವರು ಮೊದಲು ಇಳಿಯಬೇಕು. ಏಳು ಆಸನದ್ದಕ್ಕೆ ನಡುವೆ ಎರಡೇ ಬಿಡಿ ಕುರ್ಚಿಗಳು, ಅವುಗಳ ನಡುವೆ ಹಿಂದಕ್ಕೆ ನುಸುಳಿ ಹೋಗಲು ಕಿರುದಾರಿ, ಕೈಯೂರಿ ಏಳಲು ತೋಳಾಸರೆ. ಮೈದುನನಿಗೆ ಅದು ಸರಿಬೀಳಲಿಲ್ಲ. “ಅತ್ತಿಗೆ, ಮನೇಲಿ ಎಂಟು ಜನ ಇದೀವಿ. ದುಡ್ಡು ಕೊಟ್ಟು ಒಂದು ಸೀಟು ಕಡಿಮೆ ತಗಳ್ಳೋದಾ?” ಎಂದನು. ಲೆಕ್ಕ ಸರಿಯೇ. ಆದರೆ ಎಂಟನೆಯ ಆಸನ ಬಂದರೆ ಅತ್ತೆಯವರು ದಾರಿಯಲ್ಲಿ ನಾಲ್ಕು ಬಾರಿ ಇಳಿದು ಹತ್ತಬೇಕು. ಎರಡನೆಯ ಸಲವೇ ಅವರು ಮತ್ತೆ ಮನೆ ಕಾಯತೊಡಗುವರು. ಹಾಸ್ಟೆಲಿನಲ್ಲಿ ಓದುವ ದೊಡ್ಡ ಮಗ ಬಂದಾಗ ಬಸ್ಸಿನಲ್ಲಿ ಬರಲಿ ಎಂದೆ. ಯಜಮಾನರು ಮಾತನಾಡಲಿಲ್ಲ, ಅತ್ತೆಯವರು ಬಿಡಿ ಕುರ್ಚಿಯಿಂದ ತಾವಾಗಿಯೇ ಎದ್ದುದನ್ನು ನೋಡಿ ಮುಂಗಡ ಕಟ್ಟಿದರು.

ಬೆಲ್ಟಿನ ವಿಷಯವನ್ನೂ ಹೇಳಬೇಕು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ, ಹಿಂದೆ ಕುಳಿತವರೂ ಬೆಲ್ಟು ಹಾಕಬೇಕೆಂಬುದು ದೇಶಕ್ಕೆಲ್ಲ ನೆನಪಾಯಿತು. ಮುಂದಕ್ಕೆ ಮುಖ ಮಾಡಿದ ಹಿಂದಿನ ಆಸನಗಳಿಗೆ ಆ ನಿಯಮ ಮೊದಲಿನಿಂದಲೂ ಇದೆ. ತೊಡೆಯ ಮೇಲೆ ಮಗು, ಮಗುವಿನ ಮೇಲೆ ಬುತ್ತಿ ಎಂಬ ನಮ್ಮ ಪದ್ಧತಿಗೆ ಯಾವ ಬೆಲ್ಟೂ ಆಗಿಬರುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ಹಿಂದಿನಿಂದ ಗುದ್ದಿದರೆ ಮೊದಲ ಪೆಟ್ಟು ತಗಲುವುದೂ ಆ ಕೊನೆಯ ಸಾಲಿಗೇ.

ಈಗ ನಮ್ಮ ಮನೆಯಲ್ಲಿ ಹಿಂದಿನ ಸಾಲು ಸರದಿಯ ಮೇಲೆ ನಡೆಯುತ್ತದೆ, ಗಂಡಸರಿಗೂ ವಿನಾಯಿತಿಯಿಲ್ಲ. ತಿರುವುಗಳಲ್ಲಿ ವಾಂತಿಯಾಗುವ ವಾರಗಿತ್ತಿಗೆ ಮುಂದಿನ ಆಸನ ಖಾಯಂ. ಉಕ್ಕಡಗಾತ್ರಿಗೆ ಹೋದ ದಿನ ಮೈದುನನ ಸರದಿಯಿತ್ತು. ಇಳಿದವನೇ ಸೊಂಟ ನೀವಿಕೊಳ್ಳುತ್ತ, “ಇಷ್ಟು ವರ್ಷ ನೀವೆಲ್ಲ ಇಲ್ಲೇ ಕೂರ್ತಿದ್ರಾ?” ಎಂದು ಕೇಳಿದನು. ಅತ್ತೆಯವರು ಆಗಲೇ ಇಳಿದು, ಹಣ್ಣುಕಾಯಿಯ ಬುಟ್ಟಿ ಹಿಡಿದು ಗದ್ದುಗೆಯ ಕಡೆಗೆ ಅರ್ಧ ದಾರಿ ನಡೆದಿದ್ದರು.