ಹಾಕೆನ್‌ಹೈಮ್‌ನ ಕೊನೆಯ ತಿರುವು

ಮಾನ್‌ಹೈಮ್‌ನಿಂದ ಹೊರಟ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಫೆರಾರಿಯ ಕೆಂಪು ಟೋಪಿಗಳು, ಇನ್ನೊಂದು ಕಡೆ ಮ್ಯಾಕ್ಸ್ ವೆರ್‌ಸ್ಟಾಪೆನ್‌ಗಾಗಿ ಗಡಿ ದಾಟಿ ಬಂದ ಡಚ್ಚರ ಕಿತ್ತಳೆ ಅಂಗಿಗಳು. ಅಂದು 2019ರ ಜುಲೈ 28, ಜರ್ಮನ್ ಗ್ರಾಂಪ್ರಿಯ ಭಾನುವಾರ. ಎರಡು ದಿನದ ಹಿಂದೆ ಬಿಸಿಲಿಗೆ ಬೆಂದಿದ್ದ ಹಾಕೆನ್‌ಹೈಮ್‌ನಲ್ಲಿ ನಾವಿಳಿದಾಗ ಮಳೆ ಜಿನುಗುತ್ತಿತ್ತು.

ನಿಲ್ದಾಣದಿಂದ ಟ್ರ್ಯಾಕಿಗೆ ನಡೆದೇ ಹೋಗಬಹುದು. ಅದರಾಚೆ ಕಾಣುವ ಕಾಡಿನೊಳಗೆ 2002ಕ್ಕೂ ಮುಂಚೆ ಕಾರುಗಳು ಓಡುತ್ತಿದ್ದವು. 1968ರ ಏಪ್ರಿಲ್ 7ರಂದು ಜಿಮ್ ಕ್ಲಾರ್ಕ್ ಸತ್ತದ್ದು ಅಲ್ಲೇ, ಒದ್ದೆ ದಿನದ ಫಾರ್ಮುಲಾ ಟೂ ಓಟದಲ್ಲಿ. 1982ರಲ್ಲಿ ಮಳೆಯ ಅಭ್ಯಾಸದ ನಡುವೆ ದಿದಿಯೆ ಪಿರೋನಿಯ ಕಾಲುಗಳು ನುಜ್ಜುಗುಜ್ಜಾದವು. ಈ ನೆಲಕ್ಕೂ ಮಳೆಗೂ ಹಳೆಯ ಹಗೆ.

ಮೊದಲ ಸುತ್ತುಗಳೆಲ್ಲ ಸೇಫ್ಟಿ ಕಾರಿನ ಹಿಂದೆಯೇ ಕಳೆದವು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಒಂದು ಮಳೆ ಟೈರು ಸೆಕೆಂಡಿಗೆ 85 ಲೀಟರ್ ನೀರನ್ನು ಹೊರಚೆಲ್ಲುತ್ತದಂತೆ. ಅಷ್ಟೂ ನೀರು ಹಿಂದಿನವನ ಕಣ್ಣಿಗೆ! ಗ್ಯಾಲರಿಯಿಂದ ನಮಗೆ ಕಂಡದ್ದು ಬಿಳಿ ಮಂಜು, ಅದರೊಳಗೆ ಮಿಣುಕುವ ಕೆಂಪು ದೀಪ, ಅಷ್ಟೇ. ನಿಜವಾದ ಓಟ ಶುರುವಾದ ಸ್ವಲ್ಪ ಹೊತ್ತಿಗೇ ಸೆರ್ಜಿಯೊ ಪೆರೆಜ್ ಗೋಡೆಗೆ ಬಡಿದರು.

ನಿಜವಾದ ಗಂಡಾಂತರವಿದ್ದದ್ದು ಕೊನೆಯ ತಿರುವಿನ ಹೊರಮಗ್ಗುಲಲ್ಲಿ. ಅಲ್ಲಿನ ಡಾಂಬರು ಡ್ರ್ಯಾಗ್ ರೇಸಿನ ಪಟ್ಟಿ. ಒಣಗಿದ್ದಾಗ ಟೈರನ್ನು ಬಿಗಿಯಾಗಿ ಹಿಡಿಯುವ ಆ ನೆಲ, ನೆನೆದರೆ ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲು. ಚಾರ್ಲ್ಸ್ ಲೆಕ್ಲೆರ್ ಗೆಲುವಿನ ಆಸೆ ಮೂಡಿಸಿದ್ದ ಹೊತ್ತಿಗೆ ಅಲ್ಲಿ ಜಾರಿ ಗೋಡೆಗೆ ಒರಗಿದರು. ಅವರ ಕಾರನ್ನು ಎತ್ತುವ ಮೊದಲೇ, ಮುಂಚೂಣಿಯಲ್ಲಿದ್ದ ಲೂಯಿಸ್ ಹ್ಯಾಮಿಲ್ಟನ್ ಅದೇ ಜಾಗದಲ್ಲಿ ಜಾರಿದರು. ಮುರಿದ ರೆಕ್ಕೆಯೊಡನೆ ಅವರು ಹಠಾತ್ತನೆ ಪಿಟ್‌ಗೆ ನುಗ್ಗಿದಾಗ ಟೈರುಗಳೇ ಸಿದ್ಧವಿರಲಿಲ್ಲ. ಸುಮಾರು 50 ಸೆಕೆಂಡು ಹೋಯಿತು. ಮೋಟಾರ್ ಸ್ಪರ್ಧೆಯಲ್ಲಿ 125 ವರ್ಷ ಪೂರೈಸಿದ ಸಂಭ್ರಮಕ್ಕೆ ಮರ್ಸಿಡಿಸ್ ತಂಡ ಹಳೇ ಕಾಲದ ಉಡುಗೆ ತೊಟ್ಟು ಬಂದಿತ್ತು. ಆ ವೇಷದಲ್ಲಿ ಅವರು ಪರದಾಡಿದ್ದನ್ನು ನೋಡಿ ನನಗೆ ಸಂಕಟವಾಯಿತು. ಮುಂದೆ ವಾಲ್ಟೆರಿ ಬೊಟಾಸ್ ಕೂಡ ಮೊದಲ ತಿರುವಿನಲ್ಲಿ ಗೋಡೆ ಸೇರಿದರು.

ಇಡೀ ಗ್ಯಾಲರಿ ನಿಟ್ಟುಸಿರಿಟ್ಟದ್ದು ನಿಕೋ ಹುಲ್ಕೆನ್‌ಬರ್ಗ್ ಅದೇ ಪಟ್ಟಿಯಲ್ಲಿ ಜಾರಿ ಹೋದಾಗ. ಅಲ್ಲಿಯವರೆಗೆ ಒಮ್ಮೆಯೂ ಪೋಡಿಯಂ ಹತ್ತಿರದ ಮನೆಮಗ, ಅಂದು ಅದರ ಸಮೀಪದಲ್ಲಿದ್ದರು.

ಗಿರಕಿ ಹೊಡೆದೂ ಟ್ರ್ಯಾಕಿನಲ್ಲೇ ಉಳಿದ ವೆರ್‌ಸ್ಟಾಪೆನ್ ಗೆದ್ದರು. ಆದರೆ ನನ್ನ ಮನಸ್ಸು ತುಂಬಿದ್ದು ಸೆಬಾಸ್ಟಿಯನ್ ವೆಟೆಲ್. ಹತ್ತಿರದ ಹೆಪ್ಪೆನ್‌ಹೈಮ್‌ನವರಾದ ಅವರು ಹಿಂದಿನ ವರ್ಷ ಇದೇ ಮಳೆಯಲ್ಲಿ, ಇದೇ ಟ್ರ್ಯಾಕಿನಲ್ಲಿ, ಮುಂದಿದ್ದೂ ಜಾರಿ ಓಟ ಕಳೆದುಕೊಂಡಿದ್ದರು. ಈ ಸಲ ಟರ್ಬೊ ಕೈಕೊಟ್ಟು 20ನೇ ಸ್ಥಾನದಿಂದ ಹೊರಟು ಎರಡನೆಯವರಾದರು. ಕೆಂಪು ಟೋಪಿಯವರು ಅಪರಿಚಿತರನ್ನೂ ತಬ್ಬಿಕೊಂಡರು. ಮೂರನೆಯವರು ಡ್ಯಾನಿಲ್ ಕ್ವ್ಯಾಟ್. ಹಿಂದಿನ ರಾತ್ರಿಯಷ್ಟೇ ಅವರಿಗೆ ಮಗಳು ಹುಟ್ಟಿದ್ದಳು.

ಹಿಂತಿರುಗುವ ರೈಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ವಾದ: ತಪ್ಪು ಚಾಲಕರದ್ದೋ, ಮಳೆಯದ್ದೋ? ಎರಡೂ ಅಲ್ಲವೆಂದೇ ನನ್ನ ನಂಬಿಕೆ. ಮಳೆ ಎಲ್ಲರ ಮೇಲೂ ಒಂದೇ ಸಮ ಸುರಿದಿತ್ತು, ಎಲ್ಲರ ಕೈಚಳಕವನ್ನೂ ಒರೆಗೆ ಹಚ್ಚಿತ್ತು. ಆದರೆ ತುಸು ಅಡ್ಡ ಹೋದವನಿಗೆ ತಿದ್ದಿಕೊಳ್ಳಲು ಎಡೆ ಕೊಡಬೇಕಾದ ನೆಲವೇ ಅವನನ್ನು ಗೋಡೆಗೆ ತಳ್ಳುವುದು ನ್ಯಾಯವಲ್ಲ. ಆ ವರ್ಷದ ಬಳಿಕ ಫಾರ್ಮುಲಾ ಒನ್ ಹಾಕೆನ್‌ಹೈಮ್‌ನಲ್ಲಿ ನಡೆದಿಲ್ಲ. ಮತ್ತೆ ನಡೆಯುವುದಾದರೆ ಮೊದಲು ಆ ಪಟ್ಟಿಯ ಡಾಂಬರನ್ನು ಬದಲಿಸಬೇಕು.