ವಾರಸುದಾರರಿಲ್ಲದ ಅಂಚೆಯ ಮನೆ

ವಾಷಿಂಗ್ಟನ್ ನಗರದಲ್ಲಿ ಏಳನೆಯ ಬೀದಿಯೂ ಎಫ್ ಬೀದಿಯೂ ಕೂಡುವೆಡೆ ಅಮೃತಶಿಲೆಯ ಭವ್ಯ ಸೌಧವೊಂದಿದೆ. ಇಂದು ಅದೊಂದು ಹೋಟೆಲು. ಪೆಟ್ಟಿಗೆ ಹಿಡಿದು ಒಳನಡೆಯುವ ಪ್ರವಾಸಿಗಳಲ್ಲಿ ಅನೇಕರಿಗೆ, ದಾರಿ ತಪ್ಪಿದ ಕಾಗದಗಳೂ ಗಂಟುಗಳೂ ಒಂದು ಕಾಲಕ್ಕೆ ಇದೇ ಬಾಗಿಲಿಗೆ ರಾಶಿರಾಶಿಯಾಗಿ ಬಂದು ಬೀಳುತ್ತಿದ್ದುವೆಂಬುದು ತಿಳಿದಿರಲಾರದು. ರಾಬರ್ಟ್ ಮಿಲ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1839ರಲ್ಲಿ ಕಟ್ಟಲಾರಂಭಿಸಿದ ಈ ಸೌಧ ಅಮೆರಿಕದ ಪ್ರಧಾನ ಅಂಚೆ ಕಚೇರಿಯಾಗಿದ್ದಿತು. 1825ರಲ್ಲಿ ಸ್ಥಾಪನೆಯಾಗಿದ್ದ ‘ಸತ್ತ ಕಾಗದಗಳ ಕಚೇರಿ’ ಇಲ್ಲಿ ನೆಲೆಗೊಂಡಿತು. ಹೆಸರೇನೋ ಅಮಂಗಳ, ಮಾಡುತ್ತಿದ್ದ ಕೆಲಸ ಮಾತ್ರ ಪುಣ್ಯದ್ದು.

ಪಡೆಯಬೇಕಾದವರು ಊರು ಬಿಟ್ಟಿದ್ದರೆ, ಇಲ್ಲವೇ ಬೇಡವೆಂದರೆ, ಬೆರಳು ಚಾಚಿದ ಕೈಯ ಚಿತ್ರವುಳ್ಳ ಮೊಹರನ್ನೊತ್ತಿ ಗಂಟನ್ನು ಕಳುಹಿಸಿದವರಿಗೇ ಮರಳಿಸುವುದು ಅಲ್ಲಿನ ಪದ್ಧತಿ. ಕಳುಹಿಸಿದವರ ವಿಳಾಸವೂ ಇಲ್ಲದಿದ್ದರೆ? ಆಗ ಅದನ್ನು ಬಿಚ್ಚಲೇಬೇಕು. ಪರರ ಕಾಗದವನ್ನು ಒಡೆಯುವುದೆಂದರೆ ಸಣ್ಣ ಅಧಿಕಾರವೇ? ಹಣ, ಒಡವೆ, ಮನೆಯ ಗುಟ್ಟು ಎಲ್ಲವೂ ಗುಮಾಸ್ತನ ಕೈಗೆ ಬರುತ್ತವೆ. ಈ ಕಾರಣದಿಂದ ನಿವೃತ್ತ ಪಾದ್ರಿಗಳನ್ನು ಆ ಕೆಲಸಕ್ಕೆ ನೇಮಿಸಿದ್ದುಂಟು. ಅಂತರ್ಯುದ್ಧದ ಕಾಲದಿಂದ ಸ್ತ್ರೀಯರೂ ಅಲ್ಲಿ ದುಡಿದರು.

ಅವರ ಸಾಲಿನಲ್ಲಿ ಮುಂದೆ ಹೆಸರಾದವರು ಪ್ಯಾಟಿ ಲೈಲ್ ಕಾಲಿನ್ಸ್. ಗಂಡನನ್ನು ಕಳೆದುಕೊಂಡು ಮಕ್ಕಳ ಭಾರ ಹೊತ್ತು ಕೆಲಸಕ್ಕೆ ಸೇರಿದ ಈಕೆಗೆ ಅರೆಬರೆ ವಿಳಾಸಗಳನ್ನು ಬಿಡಿಸುವುದು ಕರತಲಾಮಲಕವಾಗಿತ್ತು. ಬರಿಯ ‘ದ್ವೀಪ’ ಎಂದು ಬರೆದಿದ್ದ ಕಾಗದವೊಂದು ಬಂದಾಗ, ಪಶ್ಚಿಮ ವರ್ಜೀನಿಯದ ಒಂದು ಭಾಗವನ್ನು ಸ್ಥಳೀಯರು ಹಾಗೆ ಕರೆಯುವುದು ಅವರ ನೆನಪಿನಲ್ಲಿದ್ದಿತು. ಕಾಗದ ಆ ಕಡೆಗೆ ಹೊರಟಿತು. ನಕಾಶೆಯಲ್ಲಿ ಇಲ್ಲದ ಊರುಗಳೂ ಆಕೆಯ ತಲೆಯಲ್ಲಿದ್ದವೆಂದರೆ ತಪ್ಪಾಗದು.

ಒಡೆಯರು ಸಿಕ್ಕದ ವಸ್ತುಗಳು ಹರಾಜಿಗೆ ಹೋಗುತ್ತಿದ್ದವು. ವಿಚಿತ್ರವಾದ ಕೆಲವನ್ನು ಉಳಿಸಿಕೊಂಡು ಕಚೇರಿ ಒಂದು ವಸ್ತುಸಂಗ್ರಹಾಲಯವನ್ನೇ ತೆರೆಯಿತು. ತಲೆಬುರುಡೆ, ಹಾವುಗಳನ್ನು ನೋಡಲು ಜನ ಮುಗಿಬಿದ್ದರು. ಆದರೆ ನೋಡುವವರ ಎದೆ ಹಿಂಡುವಂತಿದ್ದುದು ಮತ್ತೊಂದು: ಅಂತರ್ಯುದ್ಧದ ಸೈನಿಕರ ಭಾವಚಿತ್ರಗಳು. ಮನೆಯವರಿಗೆಂದು ಹೊರಟು ಮನೆ ಮುಟ್ಟದೆ ಉಳಿದ ಮುಖಗಳವು. ಬಂದವರಲ್ಲಿ ತಾಯಿಯೋ ತಂಗಿಯೋ ಗುರುತಿಸಿಯಾರೆಂಬ ಆಸೆಯಿಂದ ಅವನ್ನು ಸಾಲಾಗಿ ಅಂಟಿಸಿಟ್ಟಿದ್ದರು.

1992ರಲ್ಲಿ ಆ ಅಮಂಗಳದ ಹೆಸರು ಹೋಯಿತು. ಈಗ ಈ ಕೆಲಸ ದಕ್ಷಿಣದ ಅಟ್ಲಾಂಟ ನಗರದ ಕೇಂದ್ರದಲ್ಲಿ ನಡೆಯುತ್ತದೆ. ಹೊರಗಿನ ಚೀಟಿ ಕಿತ್ತುಹೋದೀತು, ಗಂಟಿನೊಳಗೂ ವಿಳಾಸ ಬರೆದ ಚೀಟಿಯೊಂದನ್ನು ಇಡಿರೆಂದು ಅಲ್ಲಿನ ಅಂಚೆ ಇಲಾಖೆ ಇಂದಿಗೂ ಜನರನ್ನು ಕೇಳಿಕೊಳ್ಳುತ್ತಿದೆ.